ಬೈಗುಳ ಕೇಳಿಸಿದರೆ ಮೊದಲು ಶುಗರ್ ನೋಡಿ

ಇಂಬಳ. ಸೂಜಿಮಲ್ಲಿಗೆ. ಪೂತನಿ. ಬಾಟ್ಲಿ ಅಕ್ಕ. ಹಿಟ್ಲರಮ್ಮ. ಯಮನ ತಂಗಿ. ಇವೆಲ್ಲ ಶಿವಮೊಗ್ಗ ಜಿಲ್ಲೆಯ ಆಸ್ಪತ್ರೆ ವಾರ್ಡುಗಳಲ್ಲಿ ನರ್ಸ್ ಆದ ನನಗೋ ನನ್ನ ಜೊತೆಯವರಿಗೋ ಬಿದ್ದ ಹೆಸರುಗಳು. ಬೆಳಗಿನ ಜಾವ ಸಿರಿಂಜ್ ಹಿಡಿದು ರಕ್ತ ತೆಗೆಯಲು ಹೋದವಳಿಗೆ ಇಂಬಳ, ಅಂದರೆ ಜಿಗಣೆ, ಅಂತ ಹೆಸರಿಟ್ಟವರು ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜ. ಮನಸ್ಸಿನಲ್ಲೇ ಅವರಿಗೆ ನೂರಕ್ಕೆ ನೂರು ಕೊಟ್ಟೆ. ಆದರೂ ಒಂದು ಮಾತು ಹೇಳಬೇಕು, ಇಂಬಳ ಕೇಳದೆ ಹತ್ತುತ್ತದೆ, ನಾವು ಹೇಳಿ ಚುಚ್ಚುತ್ತೇವೆ. ಪೂತನಿ ಅಂದಿದ್ದು ಮಕ್ಕಳ ವಾರ್ಡಿನ ನನ್ನ ಗೆಳತಿಗೆ. ಪಾಪ, ಅವಳು ಮಾಡಿದ್ದು ಇಷ್ಟೇ: ಮೊಲೆ ಹಿಡಿಯದ ಕೂಸಿಗೆ ಹಾಲು ಕುಡಿಸುವ ರೀತಿ ತೋರಿಸಲು ಹೋಗಿದ್ದಳು, ಮಗುವಿನ ಅಜ್ಜಿಗೆ ಅದು ಸರಿಬರಲಿಲ್ಲ.

ಮಲೆನಾಡಿನಲ್ಲಿ ನರ್ಸನ್ನು ಕರೆಯುವ ರೀತಿ ಕೇಳಿಯೇ ಎಷ್ಟೋ ಸಲ ಊರು ಅಂದಾಜು ಮಾಡಬಹುದು. ಸಾಗರ ಕಡೆಯ ಹವ್ಯಕ ಅಜ್ಜಿ "ಕೂಸೇ, ಇತ್ಲಾಗ್ ಬಾ" ಅಂತಾರೆ, ಕೂಸಿಗೆ ನಲವತ್ತು ದಾಟಿದ್ದರೂ ಸರಿ. ಹೊಸನಗರದ ಕಡೆಯವರಿಗೆ ನಾನು "ಮಾರಾಯ್ತಿ". ಶಿಕಾರಿಪುರದ ತಾಂಡಾದಿಂದ ಬಂದವರು "ಯಾಡಿ" (ಲಂಬಾಣಿಯಲ್ಲಿ ಅಮ್ಮ) ಅಂದುಬಿಟ್ಟರೆ ಆ ದಿನದ ಅರ್ಧ ಸುಸ್ತು ಹೋಗುತ್ತದೆ. ಭದ್ರಾವತಿಯವರು "ಸಿಸ್ಟರಮ್ಮಾ", ಟ್ಯಾಂಕ್ ಮೊಹಲ್ಲಾದ ಹೆಂಗಸರು "ಆಪಾ". ಹಳ್ಳಿಯ ಎಲ್ಲರಿಗೂ "ನರ್ಸಮ್ಮ". ಇನ್ನು ನನ್ನ ಮೂಗು, ಕೂದಲು ನೋಡಿ "ನೀವು ಕೇರಳದವರಾ?" ಅಂತ ಕೇಳುವವರು ಈಗಲೂ ಇದ್ದಾರೆ. ಕೇರಳದಿಂದ ಬಂದ ನರ್ಸುಗಳು ನಮ್ಮ ಆಸ್ಪತ್ರೆಗಳಲ್ಲಿ ಅಷ್ಟು ಕಾಲ ದುಡಿದಿದ್ದಾರೆ, ಕನ್ನಡದವಳು ನರ್ಸ್ ಆದರೆ ಜನಕ್ಕೆ ನಂಬಿಕೆ ಬರೋದಿಲ್ಲ.

ಗಂಡಸರ ಪಾಡು ಬೇರೆ. ಪುಸ್ತಕದ ಪ್ರಕಾರ ಅವರು ಬ್ರದರ್. ವಾರ್ಡಿನಲ್ಲಿ ಅವರು ಕಾಂಪೌಂಡ್ರು, ಗಂಡು ನರ್ಸು, ಇಲ್ಲವೇ ಡಾಕ್ಟ್ರು. ನಮ್ಮಲ್ಲಿ ಒಬ್ಬ ಇದ್ದಾನೆ, ಅವನಿಗೆ ಒಬ್ಬ ಮುದುಕಿ "ಸಿಸ್ಟರಣ್ಣಾ" ಅಂತ ಕರೆದಿದ್ದೇ ನೆಪ, ಈಗ ಡ್ಯೂಟಿ ಪಟ್ಟಿ ಬಿಟ್ಟು ಉಳಿದ ಎಲ್ಲಾ ಕಡೆ ಅವನು ಸಿಸ್ಟರಣ್ಣನೇ. ಸರ್ಕಾರ ನಮಗೆ ಶುಶ್ರೂಷಾಧಿಕಾರಿ ಅಂತ ಚಂದದ ಹೆಸರು ಕೊಟ್ಟಿದೆ. ನನಗೆ ಅದು ಇಷ್ಟ, ಬೋರ್ಡಿನ ಮೇಲೆ ನೋಡಲು ಚೆನ್ನಾಗಿದೆ. ರಾತ್ರಿ ಎರಡು ಗಂಟೆಗೆ ಮೂತ್ರದ ಚೀಲ ತುಂಬಿದಾಗ ಯಾರೂ ಅದನ್ನು ಕೂಗುವುದಿಲ್ಲ.

ಹಳ್ಳಿಯಲ್ಲಿ ತಿರುಗುವ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳಿಗೆ ಮಾಡುವ ಕೆಲಸವೇ ಹೆಸರು. ಆಪರೇಷನ್ ನರ್ಸಮ್ಮ, ಕಾಪರ್-ಟಿ ಅಕ್ಕ, ಪೋಲಿಯೋ ಅಕ್ಕ. ಕಾಡಂಚಿನ ಊರುಗಳಲ್ಲಿ "ಮಂಗನ ನರ್ಸ್" ಕೂಡ ಇದ್ದಳು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಹಿಂದೆ ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. ಎರಡನೇ ಡೋಸಿಗೆ ಅವಳು ಬರುವುದು ದೂರದಿಂದ ಕಂಡರೆ ಸಾಕು, ಅಡಿಕೆ ತೋಟದ ಒಳಗೆ ಮಾಯವಾಗುವವರು ಜಾಸ್ತಿ. ಆ ಲಸಿಕೆ ಈಗ ನಿಂತಿದೆ, ಹೆಸರು ಮಾತ್ರ ಕೆಲವು ಊರುಗಳಲ್ಲಿ ಅವಳು ನಿವೃತ್ತಿಯಾದ ಮೇಲೂ ಬೆನ್ನು ಬಿಟ್ಟಿಲ್ಲ.

ಇದಿಷ್ಟೂ ನಗುವ ವಿಷಯ. ಆದರೆ ನಾನು ಬರೆಯಲು ಕೂತಿದ್ದು ಹೊಲಸು ಹೆಸರುಗಳ ಬಗ್ಗೆ. ಹೊಸದಾಗಿ ಸೇರಿದ ಹುಡುಗಿಯರು ಅತ್ತುಕೊಂಡು ಡ್ಯೂಟಿ ರೂಮಿಗೆ ಬರುವುದು ಇವುಗಳಿಂದಲೇ. ಅವರಿಗೆ ನಾನು ಮೊದಲು ಕೇಳುವ ಪ್ರಶ್ನೆ: ನಿನ್ನೆ ಅದೇ ಮನುಷ್ಯ ನಿನ್ನನ್ನ ಏನಂತ ಕರೆದಿದ್ದ?

ಯಾಕೆ ಅಂದರೆ, ನಿನ್ನೆ "ತಂಗೀ" ಅಂದವರು ಇವತ್ತು "ಮುಂಡೇ" ಅಂದರೆ ಅದು ಜಗಳ ಅಲ್ಲ. ಅದು ಲಕ್ಷಣ. ಜ್ವರ ಬಂದರೆ ಥರ್ಮಾಮೀಟರ್ ಇಡುತ್ತೇವೆ ಅಲ್ವಾ, ಹೆಸರು ಬದಲಾದರೂ ಏನೋ ಒಂದು ಅಳೆದು ನೋಡಲೇಬೇಕು.

ಮೊದಲು ಶುಗರ್. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ, ಆಸ್ಪತ್ರೆ ಊಟ ಸೇರಲಿಲ್ಲ ಅಂತ ತಟ್ಟೆ ಬದಿಗಿಟ್ಟಿರುತ್ತಾರೆ, ಅಥವಾ ಸ್ಕ್ಯಾನಿಂಗ್ ಇದೆ ಅಂತ ಯಾರೋ ಉಪವಾಸ ಇಟ್ಟಿರುತ್ತಾರೆ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಸಿಟ್ಟು ಬರುತ್ತದೆ. ಮಿದುಳಿಗೆ ಉರಿಯಲು ಬೇರೆ ಇಂಧನ ಹೆಚ್ಚು ಇಲ್ಲ, ಅದಕ್ಕೆ ಸಭ್ಯತೆ ಬೇಗ ಕಳಚಿ ಬೀಳುತ್ತದೆ. ಎಚ್ಚರ ಇದ್ದು ನುಂಗಲು ಆಗುವವರಿಗೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ರಕ್ತನಾಳದ ಮೂಲಕವೇ ಗ್ಲೂಕೋಸ್ ಹೋಗಬೇಕು. ಸಕ್ಕರೆ ಏರಿದ ಮೇಲೆ ಅದೇ ಬಾಯಲ್ಲಿ "ಊಟ ಆಯ್ತಾ ಸಿಸ್ಟರ್" ಅಂತ ಕೇಳುತ್ತಾರೆ. ಬೈದಿದ್ದು ಅವರಿಗೆ ನೆನಪೇ ಇರುವುದಿಲ್ಲ.

ಶುಗರ್ ಸರಿ ಇದೆಯಾ? ಹಾಗಾದರೆ ಆಕ್ಸಿಜನ್ ನೋಡು, ಜ್ವರ ನೋಡು, ಕೊನೆಯ ಸಲ ಮೂತ್ರ ಯಾವಾಗ ಹೋಗಿದೆ ನೋಡು. ವಯಸ್ಸಾದವರಲ್ಲಿ ಮೂತ್ರ ಕಟ್ಟಿದ್ದು, ಮಲ ಕಟ್ಟಿದ್ದು, ಸೋಡಿಯಂ ಇಳಿದಿದ್ದು, ಸಣ್ಣ ಸೋಂಕು, ಯಾವುದೇ ಆದರೂ ಸಾಕು, ರಾತ್ರಿ ಹೊತ್ತು ಬುದ್ಧಿ ಕಲಕಿ ಹೋಗುತ್ತದೆ. ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಬೆಳಿಗ್ಗೆ ಪತ್ರಿಕೆ ಓದುತ್ತಾ ಕೂತಿದ್ದವರು ಸಂಜೆಗೆ ಡ್ರಿಪ್ ಕಿತ್ತು "ನನ್ನ ತೋಟದಲ್ಲಿ ನೀನ್ಯಾರೇ" ಅಂತ ಅಟ್ಟಿಸಿಕೊಂಡು ಬರುತ್ತಾರೆ, ಸೊಸೆ ಹೆಸರಲ್ಲಿ ಬೈಯುತ್ತಾರೆ, ತೀರಿಹೋದ ಹೆಂಡತಿಯ ಹೆಸರಲ್ಲಿ ಕರೆಯುತ್ತಾರೆ. ಕನ್ನಡಕ, ಕಿವಿಯ ಮಷೀನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಇನ್ನೂ ಜಾಸ್ತಿ. ದೀಪ ಹಾಕಿ, ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ, "ಇದು ಆಸ್ಪತ್ರೆ, ನಾನು ನರ್ಸ್" ಅಂತ ಸಮಾಧಾನದಿಂದ ಹೇಳಿದರೆ ಅರ್ಧ ಇಳಿಯುತ್ತದೆ. ಹಾಗೆ ನೋಡಿದರೆ ಬೈಯುವ ಅಜ್ಜನೇ ವಾಸಿ, ಅವನ ಕಡೆ ನಾಲ್ಕು ಜನ ಓಡಿ ಬರುತ್ತಾರೆ. ಇದೇ ಕಾಯಿಲೆಯಲ್ಲಿ ಸುಮ್ನೆ ಗೋಡೆ ನೋಡುತ್ತಾ ಮಲಗುವ ಅಜ್ಜಿಯೂ ಇರುತ್ತಾಳೆ. "ಪಾಪ, ಒಳ್ಳೇ ಪೇಷೆಂಟ್" ಅಂತ ಎಲ್ಲರೂ ದಾಟಿ ಹೋಗುತ್ತಾರೆ. ನನಗೆ ಭಯ ಆಗುವುದು ಆ ಅಜ್ಜಿಯದು.

ಮೂರನೆಯ ದಿನದ ಬೈಗುಳ ಅಂತಲೇ ಒಂದಿದೆ. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡು ಬರುತ್ತಾರೆ. ಎರಡು ದಿನ ದೇವರಂಥ ಮನುಷ್ಯ. ಮೂರನೇ ದಿನ ರಾತ್ರಿ ಮೈಯೆಲ್ಲ ನಡುಕ, ಹಾಸಿಗೆ ಮೇಲೆ ಹುಳ ಹರಿದಾಡುತ್ತಿವೆ ಅಂತ ಕೂಗಾಟ, ಹತ್ತಿರ ಹೋದವಳಿಗೆ ಅಮ್ಮ ಅಕ್ಕ ಸೇರಿಸಿ ಬೈಗುಳ. ಮನೆಯವರು ಚೌಡಿ ಕಾಟ ಅನ್ನುತ್ತಾರೆ, ಹೊಸ ಹುಡುಗಿ "ಏನ್ ಹೊಲಸು ಬಾಯಿ" ಅನ್ನುತ್ತಾಳೆ. ಎರಡೂ ಅಲ್ಲ. ದಿನಾ ಕುಡಿಯುತ್ತಿದ್ದವರಿಗೆ ಒಮ್ಮೆಲೇ ಕುಡಿತ ನಿಂತರೆ, ಸಾಮಾನ್ಯವಾಗಿ ಕೊನೆಯ ಪೆಗ್ ಆಗಿ 48ರಿಂದ 96 ಗಂಟೆಯೊಳಗೆ ಹೀಗಾಗುತ್ತದೆ. ಇದು ಜೀವ ತೆಗೆಯುವ ಸ್ಥಿತಿ. ಲೊರಾಜೆಪಾಮ್ ತರಹದ ಔಷಧಿ ಬೇಕು, ಗ್ಲೂಕೋಸ್ ಬಾಟ್ಲಿ ಹಾಕುವ ಮೊದಲೇ ಥಯಾಮಿನ್ (ಬಿ1 ವಿಟಮಿನ್) ಹೋಗಬೇಕು. ಕೈಕಾಲು ಕಟ್ಟಿ ಗದರಿಸಿದರೆ ಇದು ನಿಲ್ಲುವುದಿಲ್ಲ.

ನಮ್ಮ ಕಡೆಗೆ ಮಾತ್ರ ಸೇರಿದ ಒಂದು ಮಾತು. ಮಂಗನ ಕಾಯಿಲೆ ಬಂದವರಲ್ಲಿ ಕೆಲವರಿಗೆ, ನೂರಕ್ಕೆ ಹತ್ತಿಪ್ಪತ್ತು ಮಂದಿಗೆ, ಜ್ವರ ಬಿಟ್ಟು ಗುಣವಾದರು ಅನ್ನುವಾಗ ಮೂರನೇ ವಾರದ ಹೊತ್ತಿಗೆ ಎರಡನೇ ಸುತ್ತು ಶುರುವಾಗುತ್ತದೆ. ತಲೆನೋವು, ನಡುಕ, ಬುದ್ಧಿ ಏರುಪೇರು. ಹೀಗೆ ಮನೆಗೆ ಹೋದ ಮನುಷ್ಯ ಹೆಂಡತಿ ಮೇಲೆ ಯಾವತ್ತೂ ಇಲ್ಲದ ಹಾಗೆ ರೇಗಾಡುತ್ತಿದ್ದಾನೆ ಅಂದರೆ ಪಂಚಾಯ್ತಿ ಸೇರಿಸಬೇಡಿ, ಆಸ್ಪತ್ರೆಗೆ ಕರೆತನ್ನಿ.

ಇನ್ನೊಬ್ಬರನ್ನು ಮರೆಯಲಾರೆ. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಹೋಗಿತ್ತು. ಊರಿನಲ್ಲಿ ತುಂಬ ಮರ್ಯಾದಸ್ಥರು, ದೇವಸ್ಥಾನ ಸಮಿತಿಯಲ್ಲಿದ್ದವರು. ಬಾಯಲ್ಲಿ ಉಳಿದಿದ್ದು ಒಂದೇ ಪದ: "ಬಡ್ಡಿಮಗ". ನೀರು ಬೇಕಾದರೂ ಬಡ್ಡಿಮಗ, ಮೊಮ್ಮಗಳು ಬಂದರೆ ಕಣ್ಣಲ್ಲಿ ನೀರು ತುಂಬಿಕೊಂಡು ಬಡ್ಡಿಮಗ, ರೌಂಡ್ಸಿಗೆ ಬಂದ ಸರ್ಜನ್‌ಗೆ ಕೈಯೆತ್ತಿ ಬಡ್ಡಿಮಗ. ಮಗ ನಾಚಿಕೆಯಿಂದ ವಾರ್ಡಿಗೇ ಬರುವುದು ಬಿಟ್ಟಿದ್ದ. ಯೋಚಿಸಿ ಆಡುವ ಮಾತು ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದ್ದು. ಬೈಗುಳ, ಎಣಿಕೆ, ಬಾಯಿಪಾಠ ಆದ ಸ್ತೋತ್ರ, ಹಾಡು ಇವು ತಾವಾಗಿ ಹೊರಬರುವ ಮಾತು, ಬೇರೆ ದಾರಿಯಿಂದಲೂ ಬರುತ್ತವೆ. ಎಡಭಾಗ ಕೆಟ್ಟಾಗ ಇವೇ ಉಳಿದುಬಿಡುತ್ತವೆ. ಇದನ್ನು ಮಗನಿಗೆ ಕೂರಿಸಿಕೊಂಡು ಹೇಳಬೇಕಾಯಿತು. ಅಪ್ಪ ಒಳಗೊಳಗೆ ಹೀಗಿದ್ದರಾ ಅಂತ ಅವನ ಚಿಂತೆ. ಹಾಗಲ್ಲ, ಗಂಡಸರಾಗಿ ಹುಟ್ಟಿ ಈ ಜಿಲ್ಲೆಯಲ್ಲಿ ಬೆಳೆದವರ ಕಿವಿಗೆ ಆ ಪದ ಬೀಳದೆ ಇರುತ್ತಾ? ದನಿ ಕೇಳಿ, ಪದ ಕೇಳಬೇಡಿ ಅಂದೆವು. ಹೌದು-ಇಲ್ಲ ಅಂತ ತಲೆಯಾಡಿಸಿ ಹೇಳುವ ಪ್ರಶ್ನೆ ಕೇಳಲು ಕಲಿಸಿದೆವು. ವಾರ್ಡಿನಲ್ಲಿ ಎಲ್ಲರಿಗೂ ಯಾವ ಬಡ್ಡಿಮಗ ನೀರು, ಯಾವುದು ನೋವು ಅಂತ ಗೊತ್ತಾಗಿಹೋಗಿತ್ತು.

ಅದಕ್ಕೇ ವಿದ್ಯಾರ್ಥಿಗಳಿಗೆ ಹೇಳುವುದು, ಕೇಸ್‌ಶೀಟಿನಲ್ಲಿ "ರೋಗಿ ಕೆಟ್ಟ ಮಾತಾಡಿದರು" ಅಂತ ಬರೆಯಬೇಡಿ. ಅದರಿಂದ ಡಾಕ್ಟರಿಗೆ ಏನೂ ಗೊತ್ತಾಗದು. ಎಷ್ಟು ಗಂಟೆಗೆ, ಯಾರಿಗೆ, ಏನಂದರು, ಅದೇ ಪದ, ಉದ್ಧರಣ ಚಿಹ್ನೆಯೊಳಗೆ. ಸಾಲ ಕೇಳಲು ಬಂದವಳು ಅಂದುಕೊಂಡು ಬೈದಿದ್ದಕ್ಕೂ, ಇಂಜೆಕ್ಷನ್ ತಡವಾಯಿತು ಅಂತ ಬೈದಿದ್ದಕ್ಕೂ ವ್ಯತ್ಯಾಸ ಬಹಳ. ಮೊದಲನೆಯವರಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲ. ಎರಡನೆಯವರಿಗೆ ಟೈಮು ಕೂಡ ಸರಿಯಾಗಿ ಗೊತ್ತಿದೆ. ಹುಡುಗಿಯರು ಅಂಥ ಪದ ಬರೆಯಲು ನಾಚಿ ಕೆಂಪಾಗುತ್ತಾರೆ, ಕಾಗುಣಿತ ತಪ್ಪುತ್ತಾರೆ, ನಾನು ತಿದ್ದಿಕೊಡುತ್ತೇನೆ. ನಮ್ಮಮ್ಮ ನೋಡಿದ್ದರೆ ನನ್ನ ಓದಿಗೆ ಹಾಕಿದ ದುಡ್ಡು ದಂಡ ಅನ್ನುತ್ತಿದ್ದಳು.

ಹೆರಿಗೆ ಕೋಣೆಯದು ಬೇರೆ ಲೆಕ್ಕ. ಗರ್ಭಕೋಶದ ಬಾಯಿ 8ರಿಂದ 10 ಸೆಂಟಿಮೀಟರ್ ತೆರೆಯುವ ಹೊತ್ತಿನಲ್ಲಿ ಬಾಯಿಗೆ ಬಂದಿದ್ದೆಲ್ಲ ಬರುತ್ತದೆ, ನಮಗೆ, ಗಂಡನಿಗೆ, ಗಂಡನ ಅಮ್ಮನಿಗೆ. ಅದು ಬಂತು ಅಂದರೆ ಇನ್ನೇನು ಹತ್ತಿರ ಅಂತ ನಾವು ಗ್ಲೌಸ್ ಹಾಕಿಕೊಳ್ಳುತ್ತೇವೆ. ಆದರೆ ಈ ಕೋಣೆಯಲ್ಲಿ ಬೈಗುಳ ಒಂದೇ ಕಡೆಯಿಂದ ಬರುವುದಿಲ್ಲ, ನಿಜ ಹೇಳಬೇಕು. ನೋವು ತಿನ್ನುತ್ತಿರುವವಳಿಗೆ ಕೆಲವು ಸಿಬ್ಬಂದಿ ಆಡುವ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. 2017ರಲ್ಲಿ ಕೇಂದ್ರ ಸರ್ಕಾರ ತಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಗೌರವದಿಂದ ಹೆರಿಗೆ ಮಾಡಿಸುವುದನ್ನೂ ಸೇರಿಸಿದ್ದಾರೆ ಅಂದರೆ, ಸೇರಿಸುವ ಅಗತ್ಯ ಇತ್ತು ಅಂತಲೇ ಅಲ್ವಾ? ವಾರ್ಡಿನಲ್ಲೂ ಅಷ್ಟೇ, "12ನೇ ಬೆಡ್", "ಆ ಹರ್ನಿಯಾ", "ಉಣುಗು ಕೇಸ್" (ಉಣುಗು ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣೆಹುಳ) ಅಂತ ನಾವೂ ಹೆಸರಿಡುತ್ತೇವೆ. ಇದು ಒರಟುತನ ಅನ್ನುವುದಕ್ಕಿಂತ ಅಪಾಯ. ಬೆಡ್ ಬದಲಾಗುತ್ತದೆ, ಔಷಧಿ ತಪ್ಪಿ ಹೋಗುತ್ತದೆ. ಹೆಸರು ಒಂದು, ಐಪಿ ನಂಬರ್ (ಒಳರೋಗಿಯ ನಂಬರ್) ಒಂದು, ಎರಡೂ ನೋಡದೆ ಇಂಜೆಕ್ಷನ್ ಕೊಡಬಾರದು ಅಂತ ನಿಯಮ ಇರುವುದು ಇದಕ್ಕೇ.

ಕಾಯಿಲೆ ಇಲ್ಲದವರ ಬೈಗುಳಕ್ಕೆ ನನ್ನಲ್ಲಿ ಇಷ್ಟೊಂದು ತಾಳ್ಮೆ ಇಲ್ಲ. ಶುಗರ್ ಸರಿ, ಸೋಡಿಯಂ ಸರಿ, ಬರೀ ಕಾರ್ ಪಾರ್ಕಿಂಗ್ ಸಿಗಲಿಲ್ಲ ಅನ್ನುವ ಸಿಟ್ಟಿಗೆ ನರ್ಸ್ ಮೇಲೆ ಕೈ ತೋರಿಸುವವರು. ಅವರ ಸಿಟ್ಟಿಗೂ ಕಾರಣ ಇರಬಹುದು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಯಲ್ಲಿ 5 ಜನಕ್ಕೆ ಒಬ್ಬರು ಇರಬೇಕು. ರಾತ್ರಿ ಪಾಳಿಯಲ್ಲಿ ನೀವು ಯಾವುದಾದರೂ ವಾರ್ಡಿಗೆ ಹೋಗಿ ಎಣಿಸಿ ನೋಡಿ. ಕರೆದ ತಕ್ಷಣ ಬರಲಿಲ್ಲ ಅಂದರೆ ಅವಳು ಇನ್ನೊಬ್ಬರ ಉಸಿರು ನೋಡುತ್ತಿರುತ್ತಾಳೆ. ಆದರೂ ಕಾರಣ ಇದೆ ಅಂತ ಏನು ಬೇಕಾದರೂ ಅನ್ನಬಹುದಾ? ಆರೋಗ್ಯ ಸಿಬ್ಬಂದಿ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ, ನರ್ಸುಗಳೂ ಅದರಲ್ಲಿ ಸೇರುತ್ತಾರೆ. ಮೈಕೈ, ಸೀರೆ, ಮೈಬಣ್ಣ ಹಿಡಿದು ಆಡುವ ಮಾತಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಹೊರಗಿನಿಂದ ಬಂದವರಿಂದಲೂ ಸಿಬ್ಬಂದಿಗೆ ರಕ್ಷಣೆ ಕೊಡುವುದು ಆಸ್ಪತ್ರೆಯ ಹೊಣೆ ಅಂತ ಅದು ಹೇಳುತ್ತದೆ. ಒಬ್ಬಳೇ ಎದುರು ನಿಂತು ವಾದ ಮಾಡಬೇಡ, ಇನ್ನೊಬ್ಬರನ್ನು ಕರೆ, ಬರೆದಿಡು, ಬರೆದೇ ದೂರು ಕೊಡು. "ಹೋಗ್ಲಿ ಬಿಡು ಸಿಸ್ಟರ್" ಅಂತ ಮೇಲಿನವರು ಅನ್ನುತ್ತಾರೆ. ಅನ್ನಲಿ.

ಮನೆಯವರಿಂದ ನನಗೆ ಬೇಕಾದದ್ದು ಒಂದೇ. ಅಡ್ಮಿಟ್ ಮಾಡುವಾಗ ಮುಚ್ಚಿಡಬೇಡಿ. ಕುಡಿಯುತ್ತಾರಾ, ಎಷ್ಟು, ಕೊನೆಗೆ ಯಾವಾಗ? ಕಿವಿ ಕೇಳುತ್ತಾ? ಮನೆಯಲ್ಲಿ ಹೇಗೆ ಮಾತಾಡುತ್ತಾರೆ? ಈ ಕೊನೆಯದನ್ನು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಮೊನ್ನೆ ಒಬ್ಬ ಸೊಸೆ ಮಾತ್ರ ಮಾವನ ಕಡೆ ಒಮ್ಮೆ ನೋಡಿ, "ಸಿಸ್ಟರ್, ಇವ್ರು ಹಂಗೆಲ್ಲ ಬೈದ್ರೆ ಏನೂ ಆಗಿಲ್ಲ ಅಂತ ತಿಳ್ಕೊಳಿ. ಬೈಯೋದ್ ನಿಲ್ಸಿದ್ರೆ ಡಾಕ್ಟ್ರನ್ನ ಕರೀರಿ" ಅಂದಳು. ಹಾಗೇ ಬರೆದುಕೊಂಡೆ.