ಜನರ ಸಭೆ ಸೇರಿದಾಗ ಪಾಲಿಕೆಯಲ್ಲಿ ಯಾರ ಕೈ ಮೇಲಾಗುತ್ತದೆ?

ನಗರದ ಆಡಳಿತದಲ್ಲಿ ಜನರೂ ಪಾಲ್ಗೊಳ್ಳಲಿ ಎಂದರೆ ಯಾವ ರಾಜಕಾರಣಿಯೂ ಬೇಡ ಎನ್ನುವುದಿಲ್ಲ. ದುಡ್ಡು ಯಾರ ಕೈಯಿಂದ ಜಾರುತ್ತದೆ ಎಂಬ ಪ್ರಶ್ನೆ ಬಂದಾಗಲೇ ಜಗಳ.

ಅಮೆರಿಕದಲ್ಲಿ ಆ ಜಗಳ ಹೊತ್ತಿಕೊಂಡದ್ದು 1964ರ ಬಡತನ ನಿವಾರಣಾ ಕಾಯ್ದೆಯಿಂದ. ಬಡವರ ಕೇರಿಗಳ ಕಾರ್ಯಕ್ರಮಗಳಲ್ಲಿ ಅಲ್ಲಿನ ನಿವಾಸಿಗಳೇ ಆದಷ್ಟೂ ಹೆಚ್ಚಾಗಿ ಭಾಗವಹಿಸಬೇಕು ಎಂದಿತು ಕಾಯ್ದೆ. ಎಷ್ಟೋ ಕಡೆ ವಾಷಿಂಗ್ಟನ್ನಿನ ಹಣ ಮೇಯರನ್ನು ದಾಟಿ ನೇರ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಮೇಯರುಗಳು ಸುಮ್ಮನಿರುತ್ತಾರೆಯೇ? 1967ರಲ್ಲಿ ತಿದ್ದುಪಡಿ ಬಂದು, ಆ ಸಂಸ್ಥೆಗಳನ್ನು ಗೊತ್ತುಮಾಡುವ ಅಧಿಕಾರ ಸ್ಥಳೀಯ ಸರ್ಕಾರಗಳ ಪಾಲಾಯಿತು. ಸರ್ಕಾರದ ಒಳಗೇ ಇದ್ದು ಇಂಥ ಕಾರ್ಯಕ್ರಮಗಳನ್ನು ನೋಡಿದ್ದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ, ಜನರ ಪಾಲ್ಗೊಳ್ಳುವಿಕೆಯಲ್ಲಿ ಎಷ್ಟು ಅಧಿಕಾರ ನಿಜಕ್ಕೂ ಅವರ ಕೈಗೆ ಬರುತ್ತದೆ ಎಂದು ಅಳೆಯುವ ಎಂಟು ಮೆಟ್ಟಿಲ ಏಣಿಯೊಂದನ್ನು ಮುಂದಿಟ್ಟರು. ಅದರಲ್ಲಿ ಅಹವಾಲು ಕೇಳುವುದು, ಸಲಹೆ ಪಡೆಯುವುದು ಎಲ್ಲ ಬರೀ ತೋರಿಕೆಯ ಮೆಟ್ಟಿಲುಗಳು.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1989ರಲ್ಲಿ ಕಾರ್ಮಿಕರ ಪಕ್ಷದ ಒಲಿವಿಯೊ ದುತ್ರಾ ಅಲ್ಲಿ ಮೇಯರ್ ಆದರು. ನಗರಸಭೆಯಲ್ಲಿ ಮಾತ್ರ ಅವರ ಪಕ್ಷಕ್ಕೆ ಬಹುಮತ ಇರಲಿಲ್ಲ. ನಗರವನ್ನು 16 ವಲಯಗಳಾಗಿ ವಿಂಗಡಿಸಿ, ಬಜೆಟ್ಟಿನ ಕಾಮಗಾರಿಗಳನ್ನು ಯಾರು ಬೇಕಾದರೂ ಬರಬಹುದಾದ ಸಭೆಗಳಲ್ಲಿ ಚರ್ಚೆಗಿಟ್ಟರು. ಸಭೆಗೆ ಬಂದವರ ಸಂಖ್ಯೆ ನೋಡಿ ವಲಯಕ್ಕೆ ಇಷ್ಟು ಪ್ರತಿನಿಧಿಗಳು ಎಂಬ ಲೆಕ್ಕ. ಹಾಗಾಗಿ ಚರಂಡಿ ಬೇಕಾದವರು ಅಕ್ಕಪಕ್ಕದವರನ್ನೆಲ್ಲ ಹೊರಡಿಸಿಕೊಂಡೇ ಬರಬೇಕು. ಮೇಲಿನ ಬಜೆಟ್ ಮಂಡಳಿಗೆ ವಲಯಕ್ಕಿಬ್ಬರು. ಸರ್ಕಾರದ ಅಧಿಕಾರಿಗಳು ಅಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಹಣ ಹಂಚುವಾಗ ವಲಯದ ಜನಸಂಖ್ಯೆ, ಅಲ್ಲಿನ ಸೌಕರ್ಯದ ಕೊರತೆ, ಜನರೇ ಕೊಟ್ಟ ಆದ್ಯತೆ ಇವಕ್ಕೆಲ್ಲ ಅಂಕ. ಕೊರತೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು.

ಇದರಿಂದ ನಷ್ಟವಾದದ್ದು ನಗರಸಭಾ ಸದಸ್ಯರಿಗೆ. ‘ನಿಮ್ಮ ಬೀದಿಗೆ ಡಾಂಬರು ನಾನೇ ಹಾಕಿಸಿದೆ’ ಎಂದು ಮತ ಕೇಳುವ ದಾರಿ ಕಿರಿದಾಯಿತು. ಬಜೆಟ್ ಅಂಗೀಕರಿಸುವ ಕಾನೂನುಬದ್ಧ ಅಧಿಕಾರ ಅವರದೇ ಆಗಿತ್ತು, ನಿಜ. ಆದರೆ ಸಾವಿರಾರು ಜನ ಕೂತು ಮಾಡಿದ ಪಟ್ಟಿಯನ್ನು ಯಾವ ಮುಖ ಇಟ್ಟುಕೊಂಡು ಹರಿದುಹಾಕುವುದು? ಬಡ ವಲಯಗಳು ಗೆದ್ದವು; ಬಹುಮತವಿಲ್ಲದ ಮೇಯರ್ ಕೂಡ ಗೆದ್ದರು. ಈ ಎರಡನೆಯ ಗೆಲುವನ್ನು ಹೊಗಳಿಕೆಯ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಈ ವ್ಯವಸ್ಥೆಯ ನಿಯಮಗಳನ್ನು ಕಾನೂನಾಗಿ ಕಟ್ಟಿಹಾಕಿರಲಿಲ್ಲ. ನಗರಸಭೆಯ ಕೈಗೆ ಸಿಗದಿರಲಿ, ಜನರೇ ವರ್ಷವರ್ಷವೂ ತಿದ್ದಿಕೊಳ್ಳಲಿ ಎಂಬ ವಾದವಿತ್ತು. ಆದರೆ ಅದೇ ಕಾರಣಕ್ಕೆ ಅದು ಮೇಯರ್ ಮನಸ್ಸಿಟ್ಟಷ್ಟು ದಿನ ಬಾಳುವ ವ್ಯವಸ್ಥೆಯೂ ಆಯಿತು. 2004ರಲ್ಲಿ ಪಕ್ಷ ಸೋತಿತು, 2017ರಲ್ಲಿ ಸಭೆಗಳನ್ನೇ ಸ್ಥಗಿತಗೊಳಿಸಲಾಯಿತು.

ಅಷ್ಟು ಹೊತ್ತಿಗೆ ಈ ಮಾದರಿ ಖಂಡಗಳನ್ನು ದಾಟಿತ್ತು, ಗುಣವೂ ಬದಲಾಗಿತ್ತು. ನ್ಯೂಯಾರ್ಕಿನಲ್ಲಿ 2011ರಲ್ಲಿ ಇದನ್ನು ಶುರುಮಾಡಿದವರು ನಾಲ್ವರು ಕೌನ್ಸಿಲ್ ಸದಸ್ಯರೇ. ಯಾವುದಕ್ಕೆ ಖರ್ಚು ಮಾಡಬೇಕೆಂದು ತಾವೇ ತೀರ್ಮಾನಿಸಬಹುದಾದ ತಮ್ಮ ವಿವೇಚನಾ ನಿಧಿಯ ಒಂದು ಪಾಲನ್ನು ಜನರ ಮತಕ್ಕಿಟ್ಟರು. ಪೋರ್ಟೊ ಅಲೆಗ್ರೆಯಲ್ಲಿ ಸದಸ್ಯರನ್ನು ಬದಿಗೆ ಸರಿಸಿದ ಸಭೆ ಇಲ್ಲಿ ಅವರದೇ ಆತಿಥ್ಯದಲ್ಲಿ ನಡೆಯಿತು. ನಿಧಿ ಅವರದು, ಅದರಲ್ಲಿ ಎಷ್ಟನ್ನು ಮತಕ್ಕಿಡಬೇಕು ಎಂಬ ತೀರ್ಮಾನವೂ ಅವರದೇ.