ಪುಣೆಯೋ, ಕೋಲ್ಕತ್ತವೋ, ಹೆಸರಘಟ್ಟವೋ: ಸಿನಿಮಾ ಶಾಲೆಯನ್ನು ಆರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯವಳು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಸಿನಿಮಾ ಕಲಿಯಬೇಕೆಂಬ ಆಸೆ ಪಿಯುಸಿ ದಿನಗಳಿಂದಲೂ ಇದೆ. ಪುಣೆ, ಕೋಲ್ಕತ್ತದ ಸರ್ಕಾರಿ ಸಂಸ್ಥೆಗಳ ಪ್ರವೇಶ ಪರೀಕ್ಷೆ ಬರೆಯಲೇ, ಬೆಂಗಳೂರಿನ ಬಳಿಯ ಹೆಸರಘಟ್ಟಕ್ಕೆ ಹೋಗಲೇ ಅಥವಾ ಸಾಲ ಮಾಡಿ ಖಾಸಗಿ ಶಾಲೆ ಸೇರಲೇ ಎಂಬುದು ತಿಳಿಯುತ್ತಿಲ್ಲ. ಮನೆಯಲ್ಲಿ ಮೂರು ಲಕ್ಷದವರೆಗೆ ಹೊಂದಿಸಬಹುದು ಎನ್ನುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಪ್ರವೇಶದ ಸಮಯ ಬಂತೆಂದರೆ ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಹುತೇಕ ಎಲ್ಲರೂ ಶಾಲೆಗಳ ಹೆಸರಿನಿಂದ ಆರಂಭಿಸುತ್ತಾರೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ನೀವು ಕಲಿಯುವ ವಿಭಾಗ ಯಾವುದು ಎಂಬುದು. ಪುಣೆ ಮತ್ತು ಕೋಲ್ಕತ್ತದ ಮೂರು ವರ್ಷದ ಕೋರ್ಸುಗಳಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಇವೆಲ್ಲ ಅರ್ಜಿಯ ಹಂತದಲ್ಲೇ ಬೇರೆ ಬೇರೆಯಾಗುತ್ತವೆ. ಮೊದಲು ಒಳಗೆ ಹೋಗೋಣ, ಆಮೇಲೆ ನಿರ್ದೇಶನಕ್ಕೆ ಬದಲಾಯಿಸಿಕೊಳ್ಳೋಣ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಬಹಳಷ್ಟು ಮಂದಿಗೆ ಗೊತ್ತಿರುವ ಕೆಲಸ ನಿರ್ದೇಶನವೊಂದೇ ಆಗಿರುವುದರಿಂದ ಅಲ್ಲಿಗೇ ಹೆಚ್ಚು ಅರ್ಜಿಗಳು ಹೋಗುತ್ತವೆ. ನೀವು ವಿಜ್ಞಾನ ಓದಿದವರು. ಒಂದು ದೃಶ್ಯ ನೋಡುವಾಗ ಮಳೆಯ ಸದ್ದು, ದೂರದ ಬಸ್ಸಿನ ಹಾರ್ನು, ಕೋಣೆಯ ಮೌನ ಇವು ನಿಮ್ಮ ಗಮನ ಸೆಳೆಯುತ್ತವೆಯಾದರೆ ಧ್ವನಿ ವಿಭಾಗವನ್ನು ಗಂಭೀರವಾಗಿ ಪರಿಗಣಿಸಿ. ಆ ವಿಭಾಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕೆಂಬ ಷರತ್ತು ಇರಬಹುದು, ಪ್ರವೇಶ ಪ್ರಕಟಣೆಯನ್ನು ಓದಿಕೊಳ್ಳಿ. ಆದರೆ ಸೀಟು ಸುಲಭವಾಗಿ ಸಿಗಬಹುದೆಂಬ ಒಂದೇ ಕಾರಣಕ್ಕೆ ಒಂದು ವಿಭಾಗವನ್ನು ಹಿಡಿಯಬೇಡಿ, ಏಕೆಂದರೆ ಮುಂದಿನ ಮೂವತ್ತು ವರ್ಷ ನೀವು ಮಾಡುವ ಕೆಲಸ ಅದೇ ಆಗಿರುತ್ತದೆ.

ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ 1960ರಲ್ಲಿ, ಹಿಂದೆ ಪ್ರಭಾತ್ ಸ್ಟುಡಿಯೊ ಇದ್ದ ಜಾಗದಲ್ಲಿ ಆರಂಭವಾಯಿತು. ಗಿರೀಶ ಕಾರ್ನಾಡರು 1970ರ ದಶಕದ ನಡುವಿನಲ್ಲಿ ಅದರ ನಿರ್ದೇಶಕರಾಗಿದ್ದರು. ಮಣಿಪಾಲದಲ್ಲಿ ಫಾರ್ಮಸಿ ಓದಿದ ಗಿರೀಶ್ ಕಾಸರವಳ್ಳಿಯವರು ಅಲ್ಲಿ ನಿರ್ದೇಶನ ಕಲಿತು ಹೊರಬಂದು 1977ರಲ್ಲಿ ಮಾಡಿದ ಮೊದಲ ಕಥಾಚಿತ್ರಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂದಿತು. ಮೂರು ವರ್ಷದ ಸಿನಿಮಾ ಕೋರ್ಸುಗಳಿಗೆ ಪದವಿ ಬೇಕು, ಅದು ಯಾವ ವಿಷಯದಲ್ಲಾದರೂ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ಆದ್ದರಿಂದ ನಿಮ್ಮ ಬಿ.ಎಸ್ಸಿ. ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ 1995ರದು. ಅದೂ ಪುಣೆಯ ಸಂಸ್ಥೆಯಂತೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಡಿಯಲ್ಲಿದೆ. ಚಿತ್ರ ನಿರ್ಮಾಣದ ವ್ಯವಹಾರ ಮತ್ತು ಅನಿಮೇಷನ್ ಸಿನಿಮಾಕ್ಕೆ ಅಲ್ಲಿ ಪ್ರತ್ಯೇಕ ವಿಭಾಗಗಳಿವೆ. ಪುಣೆ, ಕೋಲ್ಕತ್ತದ ಎರಡೂ ಸಂಸ್ಥೆಗಳಿಗೆ 2025ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆತಿದೆ.

ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯನ್ನು ನಮ್ಮ ಹುಡುಗ ಹುಡುಗಿಯರು ಕೊನೆಯ ಆಯ್ಕೆ ಎಂಬಂತೆ ಕಾಣುವುದು ನನಗೆ ಬೇಸರ ತರುವ ಸಂಗತಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ನಡೆಯುತ್ತಿದ್ದ ಸಿನಿಮಾ ಕೋರ್ಸುಗಳ ಮುಂದುವರಿಕೆ ಅದು. ಆ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಕಲಿತ ವಿ.ಕೆ. ಮೂರ್ತಿಯವರು ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಗೋವಿಂದ ನಿಹಲಾನಿಯವರೂ ಅಲ್ಲಿಯೇ ಛಾಯಾಗ್ರಹಣ ಕಲಿತವರು. ಪುಣೆಯ ಸಂಸ್ಥೆ ಹುಟ್ಟುವುದಕ್ಕೂ ಮೊದಲೇ ಬೆಂಗಳೂರಿನಲ್ಲಿ ಕ್ಯಾಮೆರಾ ಪಾಠ ನಡೆಯುತ್ತಿತ್ತು. ಈಗ ಹೆಸರಘಟ್ಟದಲ್ಲಿರುವುದು ಛಾಯಾಗ್ರಹಣ ಮತ್ತು ಧ್ವನಿಗ್ರಹಣದಂಥ ತಾಂತ್ರಿಕ ವಿಷಯಗಳ ಡಿಪ್ಲೊಮಾ. ಅದಕ್ಕೆ ಪದವಿ ಬೇಕಿಲ್ಲ, ಶುಲ್ಕ ಸರ್ಕಾರಿ ಪಾಲಿಟೆಕ್ನಿಕ್‌ನ ಮಟ್ಟದ್ದು. ನಿರ್ದೇಶನ ಕಲಿಯಬೇಕೆಂದಿರುವವರಿಗೆ ಅದು ಸರಿಯಾದ ಜಾಗವಲ್ಲ. ಪದವಿ ಮುಗಿಸುತ್ತಿರುವ ನೀವು ಮತ್ತೆ ಡಿಪ್ಲೊಮಾಕ್ಕೆ ಕುಳಿತುಕೊಳ್ಳಲು ಸಿದ್ಧರಿದ್ದೀರಾ ಎಂಬುದನ್ನೂ ಕೇಳಿಕೊಳ್ಳಬೇಕು. ಆದರೆ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಮುಗಿಸಿ ಕ್ಯಾಮೆರಾ ವಿಭಾಗಕ್ಕೇ ಬರಬೇಕೆಂದಿರುವ, ಮನೆಯಲ್ಲಿ ಹಣವಿಲ್ಲದ ವಿದ್ಯಾರ್ಥಿಗೆ ನಾನು ಮೊದಲು ಹೇಳುವ ಹೆಸರು ಅದೇ.

ಇನ್ನು ವೆಚ್ಚ. ಶುಲ್ಕದ ಪಟ್ಟಿಯೊಂದನ್ನೇ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹಾಸ್ಟೆಲ್ ಅಥವಾ ಪಿ.ಜಿ. ಬಾಡಿಗೆ, ಊಟ, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಇವು ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದಿರುವುದು ಎರಡು. ಒಂದು, ಕೊನೆಯ ವರ್ಷದ ಡಿಪ್ಲೊಮಾ ಚಿತ್ರದ ಖರ್ಚನ್ನು ಯಾರು ಹೊರುತ್ತಾರೆ ಎಂಬುದು. ಪುಣೆ, ಕೋಲ್ಕತ್ತಗಳಲ್ಲಿ ಉಪಕರಣ ಮತ್ತು ನಿಗದಿತ ಬಜೆಟ್ ಸಂಸ್ಥೆಯದು. ಖಾಸಗಿ ಶಾಲೆಗಳಲ್ಲಿ ಹಲವೆಡೆ ನಟರ ಸಂಭಾವನೆ, ಲೊಕೇಶನ್ ಬಾಡಿಗೆ, ಚಿತ್ರೀಕರಣ ತಂಡದ ಊಟ ಎಲ್ಲವೂ ವಿದ್ಯಾರ್ಥಿಯ ಕೈಯಿಂದಲೇ ಹೋಗುತ್ತದೆ, ಅದು ಲಕ್ಷ ದಾಟಿದರೂ ಆಶ್ಚರ್ಯವಿಲ್ಲ. ಎರಡು, ಕಾಲ. ಪುಣೆಯಲ್ಲಿ ಮೂರು ವರ್ಷದ ಕೋರ್ಸು ನಾಲ್ಕೈದು ವರ್ಷಕ್ಕೆ ಎಳೆದುಕೊಂಡು ಹೋದ ಬ್ಯಾಚುಗಳು ಇದ್ದವು. 2015ರಲ್ಲಿ ವಿದ್ಯಾರ್ಥಿಗಳ ಮುಷ್ಕರ 139 ದಿನ ನಡೆಯಿತು. ಹೆಚ್ಚುವರಿ ವರ್ಷವೆಂದರೆ ಒಂದು ವರ್ಷದ ಹಾಸ್ಟೆಲ್ ಖರ್ಚಿನ ಜೊತೆಗೆ ಒಂದು ವರ್ಷದ ಸಂಪಾದನೆಯೂ ಹೋದಂತೆ. ಈಗಿನ ಬ್ಯಾಚುಗಳು ಸಮಯಕ್ಕೆ ಮುಗಿಯುತ್ತಿವೆಯೇ ಎಂದು ಈಗ ಅಲ್ಲಿ ಓದುತ್ತಿರುವವರನ್ನೇ ಕೇಳಿ. ಸರ್ಕಾರಿ ಶುಲ್ಕವೂ ಇದ್ದಲ್ಲೇ ಇರುವುದಿಲ್ಲ: 2019ರ ಡಿಸೆಂಬರಿನಲ್ಲಿ ಪುಣೆಯ ವಿದ್ಯಾರ್ಥಿಗಳು ಉಪವಾಸ ಕುಳಿತದ್ದು ಶುಲ್ಕ ಏರಿಕೆಯ ವಿರುದ್ಧವೇ. ನಿಮ್ಮ ಮೂರು ಲಕ್ಷ ಪುಣೆಯ ಪೂರ್ತಿ ಅವಧಿಗೆ, ಊಟ ವಸತಿಯೂ ಸೇರಿ, ಸಾಕಾಗುವುದಿಲ್ಲವೆಂದೇ ಇಟ್ಟುಕೊಳ್ಳಿ. ಆದರೆ ಕೊರತೆ ಖಾಸಗಿ ಶಾಲೆಯಷ್ಟು ದೊಡ್ಡದಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ, ತಂದೆ ಅಥವಾ ತಾಯಿಯನ್ನು ಸಹ ಸಾಲಗಾರರನ್ನಾಗಿ ಮಾಡಿ ಸಾಲ ಪಡೆಯಬಹುದು.

ಖಾಸಗಿ ಶಾಲೆಗಳದು ಬೇರೆಯೇ ಲೆಕ್ಕ. ದೊಡ್ಡ ಹೆಸರಿನ ಶಾಲೆಗಳ ಒಟ್ಟು ವೆಚ್ಚ ಹತ್ತು ಲಕ್ಷದಿಂದ ಮೇಲಕ್ಕೆ ಹೋಗುತ್ತದೆ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಮಾನ್ಯತೆಯಿಲ್ಲದ ಡಿಪ್ಲೊಮಾ ಆದರೆ ಸರ್ಕಾರಿ ಬ್ಯಾಂಕು ಹಿಂದೇಟು ಹಾಕಬಹುದು. ಹದಿನೈದು ಲಕ್ಷವನ್ನು ಶೇ. 11ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 25,700 ರೂಪಾಯಿ. ಓದುವ ಅವಧಿಯಲ್ಲಿ ಬೆಳೆದ ಬಡ್ಡಿ ಇದರ ಮೇಲೆ. ಈಗ ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದಲ್ಲಿ ಹೊಸದಾಗಿ ಸಹಾಯಕ ನಿರ್ದೇಶಕರಾಗಿ ಸೇರುವವರ ಸ್ಥಿತಿಯನ್ನು ನೆನೆಯಿರಿ. ಸಿನಿಮಾ ಸೆಟ್ಟೇರಿದರೆ ಬಾಟಾ, ಅಂದರೆ ದಿನಭತ್ಯೆ; ನಿಂತರೆ ಅದೂ ಇಲ್ಲ. ತಿಂಗಳ ಕೊನೆಗೆ ಕಂತು ಕಟ್ಟಲೇಬೇಕಾದವರು ಒಳ್ಳೆಯ ನಿರ್ದೇಶಕರ ಕೈಕೆಳಗಿನ ಕಡಿಮೆ ಸಂಬಳದ ಕೆಲಸವನ್ನು ಬಿಟ್ಟು ಮದುವೆ ವಿಡಿಯೊ, ಕಾರ್ಪೊರೇಟ್ ಚಿತ್ರಗಳಿಗೆ ಹೋಗುತ್ತಾರೆ. ಆ ಕೆಲಸಗಳಲ್ಲಿ ತಪ್ಪೇನಿಲ್ಲ; ಆದರೆ ಸಿನಿಮಾಕ್ಕೆಂದು ಮಾಡಿದ ಸಾಲವೇ ಸಿನಿಮಾದಿಂದ ದೂರ ಒಯ್ಯುವುದು ದುಃಖದ ವಿಷಯ. ಕಡಿಮೆ ಖರ್ಚಿನ ಶಾಲೆ ಕೊಡುವ ದೊಡ್ಡ ಅನುಕೂಲ ಇದೇ: ಓದು ಮುಗಿದ ಮೊದಲ ಐದು ವರ್ಷ ಬೇಡದ ಕೆಲಸವನ್ನು ಬೇಡವೆನ್ನುವ ಶಕ್ತಿ ನಿಮ್ಮಲ್ಲಿ ಉಳಿಯುತ್ತದೆ.

ಸ್ಥಳದ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. ಬೆಳಗಾವಿಯಿಂದ ಪುಣೆಗೆ ರಸ್ತೆಯಲ್ಲಿ ಸುಮಾರು 340 ಕಿಲೋಮೀಟರ್, ಬೆಂಗಳೂರಿಗೆ 500. ಹೊರರಾಜ್ಯವೆಂಬ ಅಂಜಿಕೆಯನ್ನು ಬದಿಗಿಟ್ಟರೆ ಪುಣೆಯೇ ನಿಮಗೆ ಮನೆಗೆ ಹತ್ತಿರ. ಆದರೆ ಊರಿನ ದೂರಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ: ಓದು ಮುಗಿದ ಮೇಲೆ ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಕೆಲಸ ಮಾಡುತ್ತೀರಿ? ಸಿನಿಮಾದಲ್ಲಿ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಜೊತೆಯಲ್ಲಿ ಓದಿದವರಿಂದ. ಪುಣೆಯಲ್ಲಿ ಓದಿದವರ ಬಳಗ ಸಹಜವಾಗಿ ಮುಂಬೈ ಕಡೆಗೆ ಹರಿಯುತ್ತದೆ. ಧ್ವನಿ, ಕ್ಯಾಮೆರಾ, ಸಂಕಲನದವರಿಗೆ ಇದರಿಂದ ನಷ್ಟವಿಲ್ಲ, ಅವರ ಕೌಶಲ ಭಾಷೆಯ ಗಡಿ ದಾಟುತ್ತದೆ. ಕೇರಳದ ಹಳ್ಳಿಯಿಂದ ಬಂದು ಪುಣೆಯಲ್ಲಿ ಧ್ವನಿ ಕಲಿತ ರಸೂಲ್ ಪೂಕುಟ್ಟಿಯವರು ಮುಂಬೈನಲ್ಲಿ ನೆಲೆಯೂರಿ 2009ರಲ್ಲಿ ಆಸ್ಕರ್ ಪಡೆದರು. ಕನ್ನಡದಲ್ಲಿ ಬರೆದು ಕನ್ನಡದಲ್ಲೇ ನಿರ್ದೇಶಿಸಬೇಕೆನ್ನುವವರ ಸ್ಥಿತಿ ಅಷ್ಟು ಸರಳವಲ್ಲ. ಪಾಠ, ಚರ್ಚೆ, ಚಿತ್ರಕಥೆಯ ತಿದ್ದುಪಡಿ ಎಲ್ಲವೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುವ ಕಡೆ ಮೂರು ವರ್ಷ ಕಳೆದು ಬಂದ ಮೇಲೆ ಬೆಂಗಳೂರಿನಲ್ಲಿ ಬಳಗವನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ಅದು ಸಾಧ್ಯವಿಲ್ಲದ ಮಾತಲ್ಲ, ಕಾಸರವಳ್ಳಿಯವರು ಮಾಡಿದ್ದೂ ಅದನ್ನೇ. ರಜೆಯಲ್ಲಿ ಬಂದು ಕನ್ನಡ ಚಿತ್ರಗಳಲ್ಲಿ ಕೆಲಸ ಮಾಡುವ ಯೋಜನೆ ಮೊದಲ ವರ್ಷದಿಂದಲೇ ಇರಲಿ ಎಂದಷ್ಟೇ ಹೇಳುತ್ತೇನೆ. ಪುಣೆಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದೇ ಊರಿನಲ್ಲಿದೆ, ಹಳೆಯ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡುವ ಅಂಥ ಅವಕಾಶ ದೇಶದಲ್ಲಿ ಬೇರೆಡೆ ವಿರಳ.

ನಿಮಗೆ ಒಂದು ಶಾಲೆ ಹೊಂದುತ್ತದೆಯೇ ಎಂಬುದು ಅದರ ಜಾಹೀರಾತಿನಿಂದ ತಿಳಿಯುವುದಿಲ್ಲ, ವಿದ್ಯಾರ್ಥಿಗಳು ಮಾಡಿದ ಚಿತ್ರಗಳಿಂದ ತಿಳಿಯುತ್ತದೆ. ಆ ಶಾಲೆಯ ಇತ್ತೀಚಿನ ನಾಲ್ಕೈದು ಡಿಪ್ಲೊಮಾ ಚಿತ್ರಗಳನ್ನು ಹುಡುಕಿ ನೋಡಿ, ಕೊನೆಯ ಹೆಸರುಪಟ್ಟಿಯನ್ನು ನಿಲ್ಲಿಸಿ ಓದಿ. ಪುಣೆ, ಕೋಲ್ಕತ್ತದ ಚಿತ್ರಗಳಲ್ಲಿ ನಿರ್ದೇಶನ, ಕ್ಯಾಮೆರಾ, ಸಂಕಲನ, ಧ್ವನಿ ಈ ನಾಲ್ಕೂ ಕಡೆ ಸಾಮಾನ್ಯವಾಗಿ ಅಲ್ಲಿಯ ವಿದ್ಯಾರ್ಥಿಗಳದೇ ಹೆಸರಿರುತ್ತದೆ. ವಿಭಾಗಕ್ಕೆ ಹತ್ತು ಹನ್ನೆರಡರ ಆಸುಪಾಸಿನಲ್ಲಿ ಸೀಟುಗಳಿದ್ದು, ಪ್ರತಿ ವಿಭಾಗದಿಂದ ಒಬ್ಬೊಬ್ಬರಂತೆ ತಂಡ ಕಟ್ಟಿ ಕಲಿಸುವ ಪದ್ಧತಿ ಅಲ್ಲಿಯದು. ಖಾಸಗಿ ಶಾಲೆಯೊಂದರ ಚಿತ್ರ ನೋಡಲು ಬಹಳ ಸೊಗಸಾಗಿದ್ದು, ಛಾಯಾಗ್ರಹಣದ ಮುಂದೆ ಇರುವ ಹೆಸರು ಹೊರಗಿನ ವೃತ್ತಿಪರರದಾಗಿದ್ದರೆ, ಆ ಸೊಗಸು ನಿಮ್ಮ ಮುಂದಿನ ಕಲಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಮೇಲೆ ಒಂದು ದಿನ ಕ್ಯಾಂಪಸ್ಸಿಗೆ ಹೋಗಿ, ಪ್ರವೇಶ ವಿಭಾಗದವರ ಜೊತೆಗಿಂತ ಎರಡನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಹೆಚ್ಚು ಹೊತ್ತು ಮಾತನಾಡಿ. ಒಂದು ಕ್ಯಾಮೆರಾಕ್ಕೆ ಎಷ್ಟು ಜನ, ವಾರದಲ್ಲಿ ಎಷ್ಟು ದಿನ ಅದು ಕೈಗೆ ಸಿಗುತ್ತದೆ, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಹೆಸರು ಹಾಕಿಕೊಂಡಿರುವ ಪ್ರಸಿದ್ಧರು ನಿಜಕ್ಕೂ ಪಾಠ ಮಾಡುತ್ತಾರೆಯೇ ಎಂದು ಕೇಳಿ. ರಾತ್ರಿ ಚಿತ್ರೀಕರಣ ಮುಗಿದಾಗ ಹುಡುಗಿಯರು ಹಾಸ್ಟೆಲ್ಲಿಗೆ ಹೇಗೆ ಮರಳುತ್ತಾರೆ, ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ವಿದ್ಯಾರ್ಥಿನಿಯರನ್ನೇ ಕೇಳಿ. ಸಂಕೋಚ ಬೇಡ, ಇದು ನಿಮ್ಮ ಹಕ್ಕು.

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಪುಣೆ ಮತ್ತು ಕೋಲ್ಕತ್ತ ಎರಡಕ್ಕೂ ಅರ್ಜಿ ಹಾಕುತ್ತಿದ್ದೆ, ಪುಣೆಗೆ ಮೊದಲ ಒಲವು ಇಡುತ್ತಿದ್ದೆ. ಮೊದಲ ಯತ್ನದಲ್ಲಿ ಸೀಟು ಸಿಗದವರೇ ಹೆಚ್ಚು, ಎರಡನೆಯ ಸಲ ಸಿಕ್ಕವರೂ ಇದ್ದಾರೆ. ಸಿಗದಿದ್ದರೆ ಒಂದು ವರ್ಷ ಬೆಂಗಳೂರಿನಲ್ಲಿ ಸಂಕಲನ ಅಥವಾ ಧ್ವನಿ ಸ್ಟುಡಿಯೊ ಒಂದರಲ್ಲಿ ಸಹಾಯಕಿಯಾಗಿ ಸೇರಿ, ಸುಚಿತ್ರ ಫಿಲ್ಮ್ ಸೊಸೈಟಿಯ ಪ್ರದರ್ಶನಗಳಿಗೆ ಹೋಗಿ, ಪುಣೆಯ ಸಂಸ್ಥೆಯೇ ನಡೆಸುವ ಕೆಲವು ವಾರಗಳ ಚಿತ್ರ ರಸಗ್ರಹಣ ಶಿಬಿರವನ್ನು ಮಾಡಿ ಮತ್ತೆ ಬರೆಯಿರಿ. ಆ ಒಂದು ವರ್ಷಕ್ಕೆ ತಗಲುವ ಖರ್ಚು ಹದಿನೈದು ಲಕ್ಷದ ಸಾಲಕ್ಕಿಂತ ಎಷ್ಟೋ ಕಡಿಮೆ, ಸಂದರ್ಶನದಲ್ಲಿ ಹೇಳಲು ನಿಮ್ಮ ಬಳಿ ಕೆಲಸದ ಮಾತೂ ಇರುತ್ತದೆ. ಸರ್ಕಾರಿ ಸಂಸ್ಥೆಗಳ ಫಲಿತಾಂಶ ಬರುವ ಮೊದಲೇ ಸೀಟು ಕಾಯ್ದಿರಿಸಲು ಮುಂಗಡ ಕಟ್ಟಿ ಎಂದು ಖಾಸಗಿ ಶಾಲೆಗಳಿಂದ ಫೋನು ಬರುತ್ತದೆ. ಆಗ ಆ ಮುಂಗಡ ಯಾವ ದಿನಾಂಕದವರೆಗೆ, ಎಷ್ಟು ಕಡಿತವಾಗಿ ವಾಪಸು ಸಿಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.