ಪದ ಪರಿಚಯ: ಅರ್ಥಿಂಗ್

ವಾಣಿಜ್ಯ ಕಟ್ಟಡಗಳ ನಿರ್ವಾಹಕರ ಬಾಯಲ್ಲಿ ದಿನವೂ ಬರುವ ‘ಅರ್ಥಿಂಗ್’ ಪದವನ್ನು ಕನ್ನಡದಲ್ಲಿ ‘ಭೂಸಂಪರ್ಕ’ ಎಂದು ಬರೆಯುವುದುಂಟು. ಪದದಲ್ಲಿ ತಪ್ಪಿಲ್ಲ, ಆದರೆ ಸೋರಿದ ಕರೆಂಟು ನೆಲಕ್ಕಿಳಿದು ಅಲ್ಲೇ ಇಂಗಿಹೋಗುತ್ತದೆ ಎಂಬ ನಂಬಿಕೆಗೆ ಅದು ಎಡೆಮಾಡಿದೆ. ಕರೆಂಟು ಎಲ್ಲಿಯೂ ಇಂಗುವುದಿಲ್ಲ, ಹೊರಟ ಟ್ರಾನ್ಸ್‌ಫಾರ್ಮರಿಗೇ ಅದು ಮರಳಬೇಕು. ಪ್ಯಾನೆಲ್, ಪಂಪು, ಲಿಫ್ಟ್ ಮೋಟಾರುಗಳ ಲೋಹದ ಮೈಯಿಂದ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ವರೆಗೆ (ಕರೆಂಟು ಮರಳಿ ಸೇರುವ ತುದಿಯವರೆಗೆ) ಆ ಮರುದಾರಿಯನ್ನು ಮೊದಲೇ ಹಾಸಿಡುವುದು ಅರ್ಥಿಂಗ್‌ನ ಮುಖ್ಯ ಕೆಲಸ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 63 ಆಂಪಿಯರ್ ಬ್ರೇಕರ್ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಅದನ್ನು ಕಡಿಯುವ ಸ್ವಿಚ್ಚು) ಇರುವ ಪಂಪಿನ ಮೈಗೆ 230 ವೋಲ್ಟಿನ ಫೇಸ್ ತಂತಿ ತಗುಲಿತು, ಮರುದಾರಿಯಾಗಿ ಬರೀ ಮಣ್ಣಿದೆ, ಪಂಪಿನ ಪಿಟ್‌ನ (ಅರ್ಥಿಂಗ್‌ಗಾಗಿ ನೆಲದಲ್ಲಿ ಲೋಹ ಹೂತ ಗುಂಡಿಯ) ತಡೆ 5 ಓಮ್, ನ್ಯೂಟ್ರಲ್ ಪಿಟ್‌ನದು 1 ಓಮ್ ಎಂದುಕೊಳ್ಳಿ. ಆಗ ಹರಿಯುವುದು ಸುಮಾರು 38 ಆಂಪಿಯರ್ ಮಾತ್ರ. ಬ್ರೇಕರ್ ಬೀಳುವುದಿಲ್ಲ, ಪಂಪಿನ ಮೈಮೇಲೆ 190 ವೋಲ್ಟಿನಷ್ಟು ಒತ್ತಡ ಹಾಗೆಯೇ ನಿಂತು ಮುಟ್ಟಿದವರ ಜೀವಕ್ಕೆ ಎರವಾಗುತ್ತದೆ. ಅದೇ ಪಂಪಿನಿಂದ ನ್ಯೂಟ್ರಲ್‌ವರೆಗೆ ಪಟ್ಟಿ, ತಂತಿಗಳು ಕೂಡಿಕೊಂಡಿದ್ದು ಇಡೀ ಸುತ್ತಿನ ತಡೆ 0.2 ಓಮ್ ಇದ್ದರೆ 1,150 ಆಂಪಿಯರ್ ನುಗ್ಗಿ ಬ್ರೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಹಾಗೆಂದು ಪಿಟ್ ಬೇಡವೆಂದಲ್ಲ. ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವುದು, ನ್ಯೂಟ್ರಲನ್ನು ನೆಲದ ಮಟ್ಟದಲ್ಲಿ ಹಿಡಿದಿಡುವುದು ಅದರಿಂದಲೇ ಆಗಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ ತಡೆ ಏರುವುದರಿಂದ ಅಳತೆಯನ್ನು ಏಪ್ರಿಲ್–ಮೇನಲ್ಲಿ ಮಾಡಿಸುವುದು ಲೇಸು. ಆದರೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದು ಪಿಟ್‌ನ ಅಂಕಿಯನ್ನಷ್ಟೇ ವರದಿಯಲ್ಲಿ ಬರೆದುಕೊಡುವ ಪರಿಪಾಠ ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ, ಏಕೆಂದರೆ ದೋಷ ಹೆಚ್ಚಾಗಿ ಇರುವುದು ಪಿಟ್‌ನಲ್ಲಲ್ಲ, ದಾರಿಯ ಕೀಲುಗಳಲ್ಲಿ. ನೆಲಮಾಳಿಗೆಯ ಪಂಪುಕೋಣೆಗೆ ಹೋಗಿ ನೋಡಿ: ಹಸಿರು ಅರ್ಥ್ ತಂತಿಯ ಲಗ್ಗನ್ನು (ತುದಿಯ ಲೋಹದ ಬಳೆಯನ್ನು) ಪೇಂಟು ಕೆರೆಯದೆಯೇ ಮೋಟಾರಿನ ಮೈಗೆ ಬೋಲ್ಟ್ ಮಾಡಿರುತ್ತಾರೆ, ಇಲ್ಲವೇ ಮೋಟಾರು ರಿವೈಂಡಿಂಗಿಗೆ ಹೋಗಿ ಬಂದ ಮೇಲೆ ಆ ತಂತಿ ಮತ್ತೆ ಕಟ್ಟದೆ ಸುಮ್ಮನೆ ನೇತಾಡುತ್ತಿರುತ್ತದೆ. ಮೋಟಾರು ಮಾತ್ರ ಏನೂ ಆಗದಂತೆ ಓಡುತ್ತಿರುತ್ತದೆ. 250 ವೋಲ್ಟ್ ಮೀರಿದ ಮೋಟಾರು, ಜನರೇಟರು, ಟ್ರಾನ್ಸ್‌ಫಾರ್ಮರುಗಳ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುವುದು ಇದಕ್ಕಾಗಿಯೇ: ಒಂದು ಕೀಲು ಸೋತರೂ ಇನ್ನೊಂದು ದಾರಿ ಉಳಿಯಬೇಕು.

ಆದ್ದರಿಂದ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಬರೆಯುವಾಗ ‘ಅರ್ಥ್ ಪಿಟ್ ಪರೀಕ್ಷೆ’ ಎಂಬ ಒಂದೇ ಸಾಲಿಗೆ ನಿಲ್ಲದೆ, ಪ್ರತಿ ಉಪಕರಣದ ಮೈಯಿಂದ ಮುಖ್ಯ ಅರ್ಥ್ ಪಟ್ಟಿಯವರೆಗಿನ ಕಂಟಿನ್ಯುಯಿಟಿ (ದಾರಿ ಎಲ್ಲೂ ಕಡಿಯದೆ ಕೂಡಿರುವುದು) ಮತ್ತು ಫಾಲ್ಟ್ ಲೂಪ್ ತಡೆಯ (ಸೋರಿದ ಕರೆಂಟು ಸಾಗುವ ಇಡೀ ಸುತ್ತಿನ ತಡೆಯ) ಅಳತೆಯನ್ನು ಉಪಕರಣದ ಹೆಸರಿನೊಂದಿಗೆ ಪ್ರತ್ಯೇಕವಾಗಿ ಕೇಳಬೇಕು, ಮತ್ತು ರಿಪೇರಿಗೆ ಬಿಚ್ಚಿದ ಯಾವುದೇ ಮೋಟಾರನ್ನು ಮರಳಿ ಕೂರಿಸಿದ ದಿನವೇ ಆ ಅಳತೆ ಮತ್ತೊಮ್ಮೆ ಆಗಬೇಕೆಂದು ಸೇರಿಸಬೇಕು.